ಎಡಗಾಲಿನ ಬೂಟು

ಬೋಗುಣಿಯ ನೀರಿಗೆ ಬೆರಳು ಅದ್ದಿದರೆ ಚುರ್ ಎಂದಿತು, ಇಷ್ಟು ಬಿಸಿ ಸಾಕೇನೋ, ಕೈ ತಡೆಯಬೇಕು ಆದರೆ ಹಿತ ಅನ್ನಿಸಬಾರದು ಎಂದಿದ್ದಳು ಐಶು, ಮೊಬೈಲು ನೋಡಿ ಕಲಿತು ಹೆತ್ತವ್ವನಿಗೇ ಪಾಠ ಹೇಳಿದವಳು — ಅವ್ವಾ, ಮೊದ್ಲ ಬೂಟು ದೊಡ್ಡದು ಹೆಣೀಬೇಕು, ಆನಿ ಕಾಲಿಗಿ ಆಗೋ ಹಂಗ, ಆಮ್ಯಾಲ ಬಿಸಿನೀರಾಗ ಸಾಬೂನು ಹಾಕಿ ತಿಕ್ಕಬೇಕು, ತಾನ ಕುಗ್ಗಿ ಕಂಬಳಿ ಹಂಗ ಆಗತದ — ಆಗತದ ಅಂದಳು, ಮೊದಲ ಸಲ ಎಲ್ಲಿ ಆಯಿತು, ಹುಮನಾಬಾದ್ ಬಜಾರಿನ ಕೆಂಪು ಉಣ್ಣೆ ಮೂರು ಸಲ ಕುದಿಸಿದರೂ ಒಂದೆಳೆ ಕುಗ್ಗಲಿಲ್ಲ, ಅಂಗಡಿಯ ಗಯಾಸುದ್ದೀನ್ ನಕ್ಕೇ ನಕ್ಕ, ಅದು ಪ್ಲಾಸ್ಟಿಕ್ ನೂಲು ಐತಿ ಅಮ್ಮಾ, ಕುರಿ ಉಣ್ಣಿ ಬೇಕಂದ್ರ ಬಸವಕಲ್ಯಾಣಕ್ಕ ಹೋಗ್ರಿ, ಕಂಬಳಿ ನೇಯೋರ ಹತ್ರ ಸಿಗತದ, ಮರುದಿನವೇ ಬಸ್ಸು ಹತ್ತಿದಳು ನನ್ನ ಹಟಮಾರಿ, ಸಂಜೆಗೆ ಕರಿ ಉಣ್ಣೆ ತಂದಳು, ಮನೆಯೆಲ್ಲ ಕುರಿ ವಾಸನೆ, ಇವರು ಮೂಗು ಮುಚ್ಚಿಕೊಂಡೇ ಊಟ ಮಾಡಿದರು, ಎಲ್ಲ ಯಾತಕ್ಕೆ, ಫರಸಿ ಕಲ್ಲಿನ ನೆಲದ ಥಂಡಿಗೆ ಅವ್ವನ ಹಿಮ್ಮಡಿ ಒಡೆಯುತ್ತವೆ ಎಂದು.

ಬಲಗಾಲಿನದು ಅವಳೇ ಮುಗಿಸಿದಳು, ಬಿಸಿನೀರು, ತಣ್ಣೀರು, ಮತ್ತೆ ಬಿಸಿನೀರು, ನನ್ನ ಪಾದಕ್ಕೆ ಪ್ಲಾಸ್ಟಿಕ್ ಚೀಲ ತೊಡಿಸಿ ಹಸಿ ಬೂಟನ್ನು ಮೇಲೆ ಏರಿಸಿ ತೊಡೆಯ ಮೇಲಿಟ್ಟುಕೊಂಡು ಒತ್ತಿದಳು, ಮಗಳ ಮೈಗೆ ಕಾಲು ತಾಗಿಸುವುದುಂಟೇ ಎಂದು ನಾನು ಎಳೆದುಕೊಂಡೆ, ಅಲುಗಾಡಬ್ಯಾಡವ್ವ, ಆಕಾರ ಕೆಡತದ — ಈಗ ವರ್ಷವಾಯಿತು, ಬಲಗಾಲು ಬೆಚ್ಚಗೆ, ಎಡಗಾಲು ಬರಿದು, ಅದರದು ಅವಳು ಹೆಣೆದಿಟ್ಟಂತೆಯೇ ಉಳಿದಿದೆ, ಹಾಗೇ ತಿರುಗುತ್ತೇನೆ, ಕಂಡವರು ಏನಾದರೂ ಅನ್ನಲಿ, ಇವತ್ತು ಬೆಳಿಗ್ಗೆ ಫರಸಿಯ ಮೇಲೆ ರಕ್ತದ ಗುರುತು ನೋಡಿ ಇವರು ಕೂತುಬಿಟ್ಟರು, ಅದನ್ನೂ ಬಿಸಿನೀರಿಗಿ ಹಾಕು ಯಶೋದಾ, ನಿನ್ನ ಕಾಲಿಗಂತನ ಅಲ್ಲೇನು ಅಕಿ ಹೆಣೆದಿದ್ದು, ಎಂದರು, ಹೌದ್ರಿ ಅಂದೆ, ನೀರು ಕಾಯಲಿಟ್ಟೆ.

ಸಾಬೂನು ನೊರೆ ಬಂತು, ತಿಕ್ಕು, ಮೆಲ್ಲಗೆ ತಿಕ್ಕು, ಒಂದು ಸಲ ಕುಗ್ಗಿದರೆ ಮತ್ತೆ ಬಿಚ್ಚಲು ಬರುವುದಿಲ್ಲ ಅವ್ವಾ, ಅದನ್ನೂ ಹೇಳಿದ್ದಳು, ಒಂದೊಂದು ಕುಣಿಕೆಯೂ ಅವಳ ಕೈಯದು, ಒಂದು ಬಿಗಿ ಒಂದು ಸಡಿಲ, ನೊರೆಯೊಳಗೆ ಒಂದರಲ್ಲೊಂದು ಕೂಡಿಕೊಳ್ಳುತ್ತಿವೆ, ಎಣಿಸಬಹುದಾಗಿತ್ತು ಇಷ್ಟು ದಿನ, ಇನ್ನು ಬಾರದು — ಎಲ್ಲಿ ಅದು, ಹೆಬ್ಬೆರಳ ಹತ್ತಿರದ ತೂತು, ಇಲ್ಲಿದೆ, ಕರಿ ಉಣ್ಣೆಯಲ್ಲಿ ಒಂದು ಕುಣಿಕೆ ಜಾರಿದ್ದು ಅವಳಿಗೆ ಕಾಣಲಿಲ್ಲ, ಕಂಡಾಗ ಒಳಗಿನಿಂದ ಬೆರಳು ತೂರಿಸಿ ಕುಣಿಸಿದಳು, ಅವ್ವಾ ನೋಡಿಲ್ಲಿ, ಕಿರುಬೆರಳು, ಮೆಹಂದಿ ಅರ್ಧ ಹೋದ ಉಗುರು, ನನಗೆ ನಗು ಬರಬೇಕಿತ್ತು, ಬೈದೆ, ಕಣ್ಣೆಲ್ಲಿ ಇಟ್ಟಿದ್ದಿ, ಮೊಬೈಲ್ ಮ್ಯಾಲೇನು, ಬಿಚ್ಚಿ ಹೆಣಿ ಮೊದ್ಲಿಂದ, ಬಿಡವ್ವಾ, ಬಿಸಿನೀರಾಗ ಮುಚ್ಚತದ, ತೆಲಿ ಸಿಡ್ಯಾಕತ್ತದ ನಂದು — ಅಂದಳು, ಅಂದೇ ಅಂದಳು, ನಾನು ತೂತು ನೋಡುತ್ತಿದ್ದೆ, ಸುಡುತ್ತಿದ್ದ ಹಣೆ ಒಂದು ಮೊಳ ದೂರದಲ್ಲಿತ್ತು, ಕೈ ಚಾಚಿದ್ದರೆ ಸಾಕಿತ್ತು, ಚಾಚಲಿಲ್ಲ, ಬೈದ ಮೇಲೆ ಮಾತಾಡಿಸಲೂ ಇಲ್ಲ, ಎರಡು ದಿನ ಸುಮ್ಮನೆ ಮಲಗಿದಳು, ಮುನಿಸಿಕೊಂಡಿದ್ದಾಳೆ ಅಂದುಕೊಂಡೆ, ಮುನಿಸು ಅಂದುಕೊಂಡೆನಲ್ಲ, ಬೀದರಿನ ದವಾಖಾನೆಯಲ್ಲಿ ಡಾಕ್ಟರು ಚೀಟಿಯಿಂದ ತಲೆ ಎತ್ತದೆ, ಎರಡು ದಿನ ಮೊದ್ಲ ತರಬೇಕಾಗಿತ್ರಿ, ಅಂದರು, ಇವರಿಗೆ ನಾನು ಈ ತನಕ ಹೇಳಿಲ್ಲ, ತಲೆನೋವು ಅಂತ ಅವಳು ನನಗೆ ಹೇಳಿದ್ದಳು ಎಂದು.

ಕುಗ್ಗುತ್ತಿದೆ, ಅವಳು ಹೇಳಿದ ಹಾಗೇ, ಆನೆಕಾಲಿನದು ನನ್ನ ಕಾಲಿನದಾಗುತ್ತಿದೆ, ಇನ್ನೆರಡು ಸಲ ತಿಕ್ಕಿದರೆ ಸಾಕು, ಕುಣಿಕೆಗಳೆಲ್ಲ ಹೋದವು, ಕರ್ರಗೆ ಒಂದೇ ಮೈ, ತೂತು ಮಾತ್ರ ಉಳಿದಿದೆ, ಶೇಂಗಾಬೀಜದಷ್ಟು, ಇಲ್ಲ, ಅಷ್ಟೂ ಇಲ್ಲ, ಮುಚ್ಚತದ ಬಿಡವ್ವಾ, ಬ್ಯಾಡ ತಾಯಿ, ಮುಚ್ಚಬ್ಯಾಡ, ಒಳಗಿನಿಂದ ನನ್ನ ಕಿರುಬೆರಳು ತೂರಿಸಿದೆ, ಇನ್ನೊಂದು ಕೈಯಿಂದ ತಿಕ್ಕುತ್ತಲೇ ಇದ್ದೇನೆ, ಉಣ್ಣೆ ಬೆರಳ ಸುತ್ತ ಬಿಗಿಯುತ್ತಿದೆ, ನೀರು ತಣ್ಣಗಾಗುತ್ತಿದೆ, ಅಡುಗೆಮನೆಯಿಂದ ಇವರು, ಆಯ್ತೇನ ಯಶೋದಾ — ಆಗಿಲ್ರಿ — ತೂತಿನಲ್ಲಿ ಬೆರಳು, ನೊರೆಯೊಳಗಿಂದ ಇಷ್ಟೇ ಇಷ್ಟು ಉಗುರು, ಕುಣಿಸಿದೆ, ಅವ್ವಾ ನೋಡಿಲ್ಲಿ, ಬೆರಳು —