ಟೋಲ್ಡ್ ಅಂದರೆ ಯಾರಿಗೆ

ಕ್ಲಾಸಿನ ಬಾಗಿಲು ಕಿರ್ ಎಂದು ಒಂದು ಗೇಣು ತೆರೆದುಕೊಂಡಿತು, ಕೊನೆಗೆ ಬಂದವಳು ಅವಳೇ, ಹಿಂದೆ ಬಾಗಿಲೆಳೆದು ಬಂದಿರಲಿಲ್ಲ, ಮೇಷ್ಟರೇ ಹೋಗಿ ಹಾಕಿ ಬಂದರು, ಬಂದು ಹಲಗೆಯ ಮೇಲೆ ಸೇ, ಟೆಲ್, ಸ್ಪೀಕ್, ಟಾಕ್ ಎಂದು ಸಾಲಾಗಿ ಬರೆದು ಕೈ ಕೊಡವಿಕೊಂಡರು — ನಮ್ಮಲ್ಲಿ ಹೇಳು, ಮಾತಾಡು, ಎರಡರಲ್ಲೇ ಸಂಸಾರ ಸಾಗುತ್ತದೆ, ಈ ಇಂಗ್ಲಿಷಿನವರಿಗೆ ಬಾಯಿ ಒಂದೇ, ಬಾಡಿಗೆದಾರರು ನಾಲ್ಕು ಮಂದಿ — ಹಲ್ಲಿನ ಕ್ಲಿನಿಕ್ಕಿನ ಮುಂದಿನ ಮೇಜಿನ ಹಿಂದೆ ಕೂತು ಅವಳು ಡಾಕ್ಟರ್ ಟೋಲ್ಡ್ ಟು ಸಿಟ್ ಎಂದು ಇಷ್ಟು ದಿನ ಹೇಳಿದ್ದಾಳೆ, ಎಲ್ಲರೂ ಕೂತಿದ್ದಾರೆ, ಯಾರೂ ನಿಂತೇ ಉಳಿದಿಲ್ಲ, ಆದರೂ ಡಾಕ್ಟರು ಕಲಿತು ಬಾಮ್ಮ ಎಂದು ಇಲ್ಲಿಗೆ ಕಳಿಸಿದರು. ಟೋಲ್ಡ್ ಹಾಕಿ ಒಂದು ವಾಕ್ಯ ಹೇಳಿ, ಹ್ಞಾಂ, ನೀವೇ, ಮೇಷ್ಟರು ಅವಳತ್ತ ಕೈ ತೋರಿದರು. ಎದ್ದಳು, ಬೆಳಗಿನಿಂದ ನಾಲಿಗೆಯ ಮೇಲೆ ಕೂತಿದ್ದದ್ದೇ ಹೊರಬಿತ್ತು, ಮೈ ಹಸ್ಬೆಂಡ್ ಟೋಲ್ಡ್ ಡೋರ್. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟರು ನಗಲಿಲ್ಲ, ಟೋಲ್ಡ್ ಅಂದ್ರೆ ಯಾರಿಗೆ, ಸೇ ಆದ್ರೆ ಗೋಡೆ ಮುಂದೆ ನಿಂತೂ ಅನ್ಬಹುದು, ಟೆಲ್‌ಗೆ ಕೇಳೋರು ಒಬ್ಬರು ಬೇಕೇ ಬೇಕು, ನಿಮ್ಮ ಯಜಮಾನ್ರು ಯಾರಿಗೆ ಹೇಳಿದ್ರು.

ಯಾರಿಗೆ — ಗಂಡನನ್ನು ನೋಡುವ ನರದ ಡಾಕ್ಟರು ಕೇಳಿದ್ದೂ ಅದನ್ನೇ, ಸುಮ್ನೆ ಬಾಯಿಗೆ ಬಂದ ಶಬ್ದಾನೋ, ನಿಮಗೇ ಅಂತ ಹೇಳ್ತಾರೋ, ಗಮನಿಸ್ತಾ ಇರಿ ಅಮ್ಮ, ನಿಮಗೇ ಅಂತ ಹೇಳಿದ ದಿನ ಗುರುತು ವಾಪಸ್ ಬರ್ತಿದೆ ಅಂತ ತಿಳ್ಕೊಳ್ಳಿ. ಕಟಿಂಗ್ ಶಾಪಿನಲ್ಲಿ ಕತ್ತರಿಗಿಂತ ನಾಲಿಗೆಯನ್ನೇ ಹೆಚ್ಚು ಆಡಿಸುತ್ತಿದ್ದ ಮನುಷ್ಯ, ಗಿರಾಕಿಯ ಕಿವಿಯ ಹಿಂದೆ ಕೂದಲು ತೆಗೆಯುತ್ತಾ ಊರ ಸುದ್ದಿಯನ್ನೆಲ್ಲ ಆ ಕಿವಿಗೇ ತುಂಬುತ್ತಿದ್ದವನು, ಲಕ್ವ ಹೊಡೆದ ಮೇಲೆ ಕಿಟಕಿ ಕಡೆ ಮುಖ ಮಾಡಿ ಮಲಗಿ ಬಕೆಟ್ಟು ಅನ್ನುತ್ತಾನೆ, ಸೋಮವಾರ ಅನ್ನುತ್ತಾನೆ, ಬಕೆಟ್ಟು ತಂದಿಟ್ಟರೆ ಅದನ್ನೂ ನೋಡುವುದಿಲ್ಲ, ಅವಳನ್ನೂ ನೋಡುವುದಿಲ್ಲ, ರೀ, ನಾನ್ಯಾರು ಹೇಳಿ ನೋಡೋಣ, ಬಕೆಟ್ಟು, ಸರಿಹೋಯ್ತು ಬಿಡಿ, ನಗುತ್ತಾಳೆ, ಆಮೇಲೆ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾಳೆ. ಇವತ್ತು ಬಸ್ಸಿಗೆ ತಡವಾಯಿತೆಂದು ಚಪ್ಪಲಿ ಮೆಟ್ಟಿ ಹೊರಟವಳ ಬೆನ್ನಿಗೆ, ಬಾಗ್ಲು. ಇದೂ ಒಂದು ಬಕೆಟ್ಟು ಎಂದುಕೊಂಡಳು, ಒಳಗೆ ನಾದಿನಿ ಇದ್ದಾಳಲ್ಲ, ತಿರುಗಲಿಲ್ಲ, ಮೆಟ್ಟಿಲಿಳಿದಳು — ತಾಳು, ಇಳಿಯುವಾಗ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕೊಡೆ, ಹಾಗಾದರೆ ಬಾಗಿಲೆಳೆದ ಕೈ ಯಾವುದು, ಎಳೆದೇ ಇಲ್ಲ, ಯಾವತ್ತು ಎಳೆದಿದ್ದಾಳೆ, ಮದುವೆಯಾದ ಹೊಸತರಲ್ಲಿ ಬಾಗ್ಲು ಹಾಕ್ಕೊಂಡು ಹೋಗೇ ಮಹಾರಾಯ್ತಿ, ಪಕ್ಕದ ಮನೆ ಬೆಕ್ಕು ನುಗ್ಗುತ್ತೆ, ಎನ್ನುತ್ತಿದ್ದ, ಬರಬರುತ್ತಾ ಬೆಕ್ಕು ಬಿಟ್ಟುಹೋಯಿತು, ಮಹಾರಾಯ್ತಿಯೂ ಹೋದಳು, ಸವೆದು ಸವೆದು ಅದೊಂದೇ ಉಳಿಯಿತು, ಅವಳ ಬೆನ್ನು ಕಂಡರೆ ಬಾಗ್ಲು, ಬೇರೆ ಯಾರಿಗೂ ಅಂದವನಲ್ಲ, ಬೇರೆಯವರೆಲ್ಲ ಹಾಕಿಕೊಂಡೇ ಹೋಗುತ್ತಾರಲ್ಲ — ಆದರೆ ಕಿಟಕಿ ಕಡೆ ಮುಖ ಮಾಡಿ ಮಲಗಿದವನಿಗೆ ಬಾಗಿಲು ತೆರೆದದ್ದು ಕಾಣುವುದಿಲ್ಲ, ತಿರುಗಿರಬೇಕು, ಅಷ್ಟು ಭಾರದ ಮೈ, ತಾನೇ ತಿರುಗಿರಬೇಕು, ನೋಡಿರಬೇಕು — ಮೇಷ್ಟರು ಕಾಯುತ್ತಿದ್ದಾರೆ, ಯಾರಿಗಮ್ಮ, ಮೀ, ಎಂದಳು, ಟೋಲ್ಡ್ ಮೀ ಸಾರ್, ನಂಗೇ ಹೇಳಿದ್ದು, ಬ್ಯಾಗು ಎಲ್ಲಿ, ಮನೆಗೆ ಹೋಗಬೇಕು, ಈಗಲೇ, ಅವನು ಇನ್ನೂ ನೋಡುತ್ತಿರಬಹುದು, ಬಾಗಿಲನ್ನು, ಒಂದು ಗೇಣು ತೆರೆದ ಬಾಗಿಲನ್ನು, ಒಂದು ಗೇಣು