ಇಸ್ಕೂಲ್ ಮಾಸ್ತರು

ಹಜೀರಾ ಲೋಬಾನದ ಕೆಂಡ ಊದುತ್ತಿದ್ದಾಗ ಪಕ್ಕದ ಮನೆಯ ಕೆಂಪಕ್ಕನ ಪಿಸುಮಾತು ಕಿವಿಗೆ ಬಿತ್ತು.

"ಇಸ್ಕೂಲ್ ಸಾಬ ಒಳ್ಳೆ ಮನುಷ್ಯ ಕಣೇ ಹುಲಿಗೆಮ್ಮ. ರಂಗೂನಿನಾಗೆ ಮಾಸ್ತರಾಗಿದ್ದೆ ಅಂತ ಒಂದು ಬುರುಡೆ ಬಿಟ್ಟ, ಅಷ್ಟೇಯ."

"ಸತ್ತೋರ ಮನೇಲಿ ಅದ್ಯಾಕೆ ಬಿಡಕ್ಕ," ಎಂದಳು ಹುಲಿಗೆಮ್ಮ. ಬುರುಡೆಯಲ್ಲ ಎಂದು ಮಾತ್ರ ಹೇಳಲಿಲ್ಲ.

ಹಜೀರಾಳ ಕಣ್ಣು ಉರಿಯಿತು, ಅದಕ್ಕೆ ಹೊಗೆಯೊಂದೇ ಕಾರಣವಲ್ಲ. ಒಳಗೆ ಅಬ್ಬಾನನ್ನು ಮೀಯಿಸಿ ಕಫನ್ ಹೊದಿಸಿದ್ದರು. ಅಬ್ಬಾ ನಿಜವಾಗಿ ಮಾಸ್ತರನಾಗಿದ್ದನೇ, ಇಲ್ಲ ಹೊನ್ನಾಳಿಯೆಲ್ಲ ಆಡಿಕೊಳ್ಳುವಂತೆ ಯಾವನೋ ದೊರೆಯ ಮನೆಯಲ್ಲಿ ಚಹಾ ಕಾಸುತ್ತಿದ್ದನೇ? ಮಣ್ಣಾದ ಮೇಲೆ ಯಾರನ್ನು ಕೇಳುವುದು?

*

ನಲವತ್ತೆರಡನೇ ಇಸವಿಯಲ್ಲಿ ಹಜೀರಾಳ ಅಬ್ಬಾ ಬುಡನ್‌ಸಾಬ ರಂಗೂನಿನಿಂದ ಬಂದಾಗ ಮೈಮೇಲಿನ ಹರಕು ಅಂಗಿ ಬಿಟ್ಟರೆ ಏನೂ ಇರಲಿಲ್ಲ. ಜಪಾನಿನವರು ಬಾಂಬು ಹಾಕಿದರು, ಕಾಡು ಗುಡ್ಡ ಹಾದು ನಡೆದೇ ಬಂದೆ ಎಂದ. ಅಲ್ಲಿನ ಮಿಷನ್ ಶಾಲೆಯಲ್ಲಿ ಇಂಗ್ಲಿಷಿಗೆ ಅಸಿಸ್ಟೆಂಟ್ ಮಾಸ್ತರನಾಗಿದ್ದೆ ಎಂದು, ಪುಟ್ಟ ಹಜೀರಾಳ ಕೈ ಹಿಡಿದುಕೊಂಡು ಊರ ಶಾಲೆಗೆ ಕೆಲಸ ಕೇಳಲು ಹೋದ.

"ಎಲ್ಲಿ, ಎರಡು ಮಾತು ಇಂಗ್ಲಿಷ್ ಆಡ್ರಿ ನೋಡಾಣ," ಎಂದರು ಹೆಡ್‌ಮಾಸ್ತರು ಮುರುಗೇಶಪ್ಪ.

ಬುಡನ್‌ಸಾಬ ಎದೆಯೆತ್ತಿ ಗಟ್ಟಿಯಾಗಿ ಹೇಳಿದ: "ದಿಸ್ ಈಸ್ ಇಸ್ಕೂಲ್. ದಟ್ ಈಸ್ ಇಸ್ಟೂಲ್."

ಮಾಸ್ತರುಗಳ ನಗು ಬೀದಿಯವರೆಗೆ ಕೇಳಿಸಿತು. ಕೆಲಸ ಸಿಗಲಿಲ್ಲ, ಇಸ್ಕೂಲ್ ಸಾಬ ಎಂಬ ಹೆಸರು ಅಂಟಿಕೊಂಡಿತು. ಅಲ್ಲಿಂದ ಆರು ವರ್ಷ ಸಂತೆ ಸಂತೆ ತಿರುಗಿ ಬಳೆ ಮಾರಿದ ಬುಡನ್‌ಸಾಬ ರಂಗೂನಿನ ಮಾತನ್ನು ಮತ್ತೆ ಎತ್ತಲೇ ಇಲ್ಲ.

*

ದಾವಣಗೆರೆಯ ಮಿಲ್ಲಿನಲ್ಲಿದ್ದ ದೊಡ್ಡಪ್ಪನ ಮಗ ಮಂಜೂರ್ ಬಸ್ಸಿಳಿದು ಬಂದ. ಜೊತೆಯಲ್ಲಿ ಬಿಳಿ ಸೀರೆಯುಟ್ಟ ಗಿಡ್ಡ ಹೆಂಗಸೊಬ್ಬಳಿದ್ದಳು.

"ನಮ್ಮ ಮಿಲ್ಲಿನ ದವಾಖಾನೆ ನರ್ಸಮ್ಮ, ಎಸ್ತರ್ ಅಂತ. ರಜ ಕೇಳಾಕೆ ಹೋಗಿ ಚಾಚಾನ ಹೆಸರು ಹೇಳಿದ್ನಾ, ನನ್ನ ಹಿಂದೇನೇ ಬಂದ್ಬಿಟ್ರು."

"ಇಸ್ಕೂಲ್ ಮಾಸ್ತರ್ ಎಲ್ಲಿ?" ಎಂದಳು ಎಸ್ತರ್.

ಹಜೀರಾ ಸಿಡಿದಳು. "ನೀವೂ ನಗಾಕೆ ಬಂದ್ರೇನು?"

"ನಗಾದಾ? ನಾನೂ ಇಸ್ಕೂಲ್ ಅಂತಾನೇ ಅನ್ನೋದು ಕಣಮ್ಮ. ಇಸ್ಲೇಟು, ಇಸ್ಟೂಲು. ರಂಗೂನಿನ ನಮ್ಮ ಕ್ಲಾಸಿನೋರೆಲ್ಲ ಹಿಂಗೇ. ಡಾಕ್ಟರು ನಗ್ತಾರೆ, ನಗ್ಲಿ."

ಎಸ್ತರ್ ಚಾಪೆಯ ತುದಿಯಲ್ಲಿ ಕುಳಿತಳು.

"ತಗಡಿನ ಮಾಡು. ಮಳೆ ಹೊಯ್ದರೆ ಮೇಡಮ್ಮೋರ ಪಾಠ ಎರಡನೇ ಬೆಂಚಿಗೂ ಕೇಳ್ತಿರ್ಲಿಲ್ಲ. ಮಾಸ್ತರ್ ಹಿಂದೆ ನಿಂತು ಒಂದೊಂದೇ ಮಾತು ಕೂಗಿ ಹೇಳೋರು, ನಾವು ಹೇಳ್ತಿದ್ವಿ. ಅಸಿಸ್ಟೆಂಟ್ ಕೆಲ್ಸ ಅಂದ್ರೆ ಅದೇ. ಬಾಂಬ್ ಬಿದ್ಮೇಲೆ ತಂದೆತಾಯಿ ಇಲ್ದಿರೋ ನಮ್ಮನ್ನೆಲ್ಲ ಕರ್ಕೊಂಡು ಗುಡ್ಡ ಹತ್ತಿದ್ರು. ಮುಂದಿನೋರ ಬೆನ್ನು ಕಾಣದಂಥ ಮಂಜು. ಮುಂದಿಂದ 'ಇಸ್ಕೂಲ್' ಅಂತ ಕೂಗೋರು. ಒಬ್ಬೊಬ್ರೇ ತಿರುಗಿ ಹೇಳ್ಬೇಕು. ಯಾರ ದನಿ ಬರ್ಲಿಲ್ವೋ ಅವರನ್ನ ಹುಡುಕ್ಕೊಂಡು ವಾಪಸ್ ಬರೋರು."

"ನೀವೂ ಹೇಳಿದ್ರಾ?" ಎಂದಳು ಹಜೀರಾ.

"ಒಂದಿನ ಹೇಳಾಕೆ ಆಗ್ಲಿಲ್ಲ. ಜ್ವರ, ಕೆಸರಿನಾಗೆ ಬಿದ್ದಿದ್ದೆ. ಬಂದು ಹೆಗಲ ಮೇಲೆ ಹಾಕ್ಕೊಂಡ್ರು. ಗುಡ್ಡ ಇಳಿದು ಮಿಷನ್ನೋರ ಕೈಗೆ ಒಪ್ಪಿಸೋವರೆಗೂ ಕೆಳಗಿಳಿಸ್ಲಿಲ್ಲ."

ಹಜೀರಾ ಒಳಗೆ ಮಲಗಿದ್ದ ಅಬ್ಬಾನತ್ತ ತಿರುಗಿದಳು. ಇಷ್ಟು ದೊಡ್ಡ ಜೀವ ತಾನು ಬಡಿದ ರೊಟ್ಟಿ ತಿಂದುಕೊಂಡು, ಒಡೆದ ಬಳೆ ಆರಿಸುತ್ತ ಇದೇ ಅಂಗಳದಲ್ಲಿ ಕೂತಿತ್ತೇ! ಕೆಂಪಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು.

ಕಲಿಮಾ ಹೇಳುತ್ತ ನಾಲ್ವರು ಜನಾಜಾ ಎತ್ತಿದರು. ಎಸ್ತರ್ ಎದ್ದುಹೋಗಿ ಮುಂದಿನ ಕೋಲಿಗೆ ಕೈ ಹಾಕಿದಳು. ಆ ಕೋಲು ಹೊತ್ತಿದ್ದ ಮಸೀದಿಯ ಹಿರಿಯರು ಸುಬಾನಸಾಬರು ಬೆಚ್ಚಿದರು.

"ಹೆಂಗಸ್ರು ಹೆಗಲು ಕೊಡಂಗಿಲ್ಲಮ್ಮ. ನಮ್ಮಲ್ಲಿ ಆ ಪದ್ಧತಿ ಇಲ್ಲ."

"ಅವ್ರು ನನಗೆ ಕೊಟ್ಟಿದ್ರಲ್ರೀ," ಎಂದಳು ಎಸ್ತರ್. "ಬಾಗಿಲವರೆಗೆ ಸಾಕು."

ಅವಳು ಅಂಗಳದಲ್ಲಿ ಹೇಳಿದ್ದನ್ನೆಲ್ಲ ಸುಬಾನಸಾಬರು ಒಳಗಿನಿಂದ ಕೇಳಿಸಿಕೊಂಡಿದ್ದರು. ಕೋಲು ಅವಳ ತಲೆಗಿಂತ ಮೇಲಿತ್ತು. ಅವರು ಮೆಲ್ಲಗೆ ಮೊಣಕಾಲು ಮಡಿಸಿದರು. ಅವರನ್ನು ನೋಡಿ ಉಳಿದ ಮೂವರೂ ಬಗ್ಗಿದರು. ಜನಾಜಾ ಇಳಿಯುತ್ತ ಇಳಿಯುತ್ತ ಅವಳ ಹೆಗಲಿಗೆ ಬಂದು ನಿಂತಿತು.