ಕಿಟಕಿಯಿಲ್ಲದ ನೌಕೆ

ಒಗೆದ ಹೊದಿಕೆಯ ಒಂದು ತುದಿಯನ್ನು ನಲ್ಲಿಗೆ ಸುತ್ತಿ ಹಿಂಡುತ್ತಿದ್ದೆ. ಒಳಗಿನ ಕೋಣೆಯಿಂದ ಚಮಚದ ಸದ್ದು ಬಂತು. ಮಂಚದ ಕಬ್ಬಿಣಕ್ಕೆ ಒಂದು ಸಲ ಬಡಿದರೆ ನೀರು, ಎರಡು ಸಲ ಬಡಿದರೆ ಬೆನ್ನು ತುರಿಕೆ. ಇದು ಮಗಳು ಮಾಡಿದ ಕಾನೂನು. ಅವಳ ಮಂಚ ಅಂತರಿಕ್ಷ ನೌಕೆ, ನನ್ನ ಅಡುಗೆಮನೆ ಭೂಮಿ. ಇವತ್ತು ಚಮಚ ನಿಲ್ಲಲೇ ಇಲ್ಲ. ಹಿಂಡುವುದನ್ನು ಅಲ್ಲಿಗೇ ಬಿಟ್ಟು ಓಡಿದೆ.

ಮೆಟ್ಟಿಲಿನಿಂದ ಬಿದ್ದ ಮೇಲೆ ಅವಳಿಗೆ ಸೊಂಟದಿಂದ ಪಾದದವರೆಗೂ ಪ್ಲಾಸ್ಟರ್. ಮಗ್ಗುಲು ಬದಲಿಸಲೂ ನಾನೇ ಬೇಕು. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಅವಳು ಕೋಣೆ ಬಿಡುವಂತಿಲ್ಲ, ಅವಳನ್ನು ಬಿಟ್ಟು ನಾನು ಬೀದಿಯ ತಿರುವಿನವರೆಗೂ ಹೋಗುವಂತಿಲ್ಲ. ಮತ್ತೆ ನಡೆಯುತ್ತಾಳೋ ಇಲ್ಲವೋ ಈಗಲೇ ಹೇಳಲಾಗದು ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ಪ್ಲಾಸ್ಟರ್ ಬಿಚ್ಚಿದ ಕೂಡಲೇ ಓಡಾಡುತ್ತೀಯಂತೆ ಎಂದು ನಾನು ಒಳಗೆ ಬಂದು ಹೇಳಿದ್ದೆ. ಅವಳು ಮರುಪ್ರಶ್ನೆ ಹಾಕಿರಲಿಲ್ಲ.

ಹಳೆಯ ಪುಸ್ತಕಗಳನ್ನು ಬಿಚ್ಚಿ, ಮತ್ತೆ ಹೊಲಿದು, ಹೊಸ ರಟ್ಟು ಹಾಕುವುದು ನನ್ನ ಅಣ್ಣನ ಕಸುಬು. ಮಲಗಿಕೊಂಡು ದಪ್ಪ ಪುಸ್ತಕ ಎತ್ತಿ ಹಿಡಿದರೆ ಸೋದರಸೊಸೆಯ ಕೈ ಸೋಲುತ್ತದೆಂದು, ಬಿಚ್ಚಿದ ಪುಸ್ತಕದ ಹದಿನಾರು ಪುಟಗಳ ಒಂದೊಂದೇ ಫಾರಂ ಕಳಿಸುತ್ತಾನೆ. ಎಲ್ಲವೂ ಹಳೆಯ ಕಾಲದ ವಿಜ್ಞಾನ ಕಾದಂಬರಿಗಳು. ಅದರಲ್ಲೂ ಒಬ್ಬ ಲೇಖಕನೆಂದರೆ ಅವಳಿಗೆ ಪ್ರಾಣ. ಗಾಳಿ, ತೂಕ, ದೂರ ಎಲ್ಲಕ್ಕೂ ಲೆಕ್ಕ ಕೊಡುವ ಆತನಿಗೆ ಲೆಕ್ಕದ ತಾತ ಎಂದು ಹೆಸರಿಟ್ಟಿದ್ದಾಳೆ. ತಾತ ತನ್ನ ಕಥೆಯವರಿಗೆ ಒಂದು ಉಸಿರನ್ನೂ ಪುಕ್ಕಟೆ ಕೊಡುವುದಿಲ್ಲವಂತೆ.

ಈ ಸಲ ಬಂದದ್ದು ಕೆಟ್ಟು ನಿಂತ ನೌಕೆಯೊಳಗೆ ಸಿಕ್ಕಿಕೊಂಡ ಒಂಟಿ ಯಾತ್ರಿಕನ ಕಥೆ. ಚಿಕ್ಕವರಿದ್ದಾಗ ನಾನೂ ಅಣ್ಣನೂ ಅದನ್ನು ಅಪ್ಪ ಪುಸ್ತಕ ಹೊಲಿಯುತ್ತಿದ್ದ ಮೇಜಿನ ಕೆಳಗೆ ಕೂತು ಓದಿದ್ದೆವು. ಯಾತ್ರಿಕ ಮನೆಗೆ ಮರಳುವುದಿಲ್ಲ. ಕೊನೆಯ ಫಾರಂ ಕಳಿಸಬೇಡವೆಂದು ಅಣ್ಣನಿಗೆ ಫೋನಿನಲ್ಲಿ ಗೋಗರೆದೆ. ಅದಿಲ್ಲದೆ ಅವಳು ನಮ್ಮನ್ನು ಬಿಡುತ್ತಾಳೆಯೇ ಎಂದವನು ತಾನೇ ಒಂದು ದಾರಿ ಹುಡುಕಿದ. ಅದೇ ತಾತನ ಇನ್ನೊಂದು ಕಾದಂಬರಿಯೂ ಅವನ ಮೇಜಿನ ಮೇಲಿತ್ತು. ಅದೇ ಅಚ್ಚು, ಅದೇ ಅಳತೆ, ಅಲ್ಲಿಯೂ ಹೆಸರಿಲ್ಲದ ಯಾತ್ರಿಕ. ಆದರೆ ಅವನು ಮನೆ ಸೇರುತ್ತಾನೆ. ಪುಟಸಂಖ್ಯೆಗಳ ಮೇಲೆ ತೇಪೆ ಕಾಗದ ಅಂಟಿಸಿ ಅದರ ಕೊನೆಯ ಫಾರಂ ಕಳಿಸಿದ.

ಈಗ ಅದೇ ಫಾರಂ ಮಗಳ ಎದೆಯ ಮೇಲಿತ್ತು.

"ಇದು ತಾತ ಬರೆದಿದ್ದೇ," ಎಂದಳು. "ಆದ್ರೆ ಈ ಕಥೆಗೆ ಬರೆದಿದ್ದಲ್ಲ."

ಗಾಜು ಇಟ್ಟರೆ ಗೋಡೆ ಬಲ ಕಳೆದುಕೊಳ್ಳುತ್ತದೆ, ಅದಕ್ಕೇ ನೌಕೆಗೆ ಕಿಟಕಿಯಿಲ್ಲ ಎಂದು ತಾತ ಮೊದಲಲ್ಲೇ ಪುಟಗಟ್ಟಲೆ ವಿವರಿಸಿದ್ದ. ಆದರೆ ಈ ಕೊನೆಯ ಫಾರಂನಲ್ಲಿ ಯಾತ್ರಿಕ ಕಿಟಕಿಯ ಮಂಜು ಒರೆಸಿ ತನ್ನೂರಿನ ದೀಪ ನೋಡುತ್ತಾನೆ. ಹಳೆಯ ಪುಸ್ತಕ, ಅಚ್ಚಿನ ತಪ್ಪಿರಬೇಕು ಎಂದೆ.

"ಅಚ್ಚಿನ ತಪ್ಪಲ್ಲಿ ಅಕ್ಷರ ಬಿದ್ದುಹೋಗುತ್ತೆ ಅಮ್ಮ. ಕಿಟಕಿ ಹುಟ್ಟಲ್ಲ."

ಹೊದಿಕೆ ಹಿಂಡಿ ಬರುತ್ತೇನೆಂದು ಹೊರಟೆ. ಅವಳು ನನ್ನ ಒದ್ದೆ ಕೈ ಬಿಡಲಿಲ್ಲ. ಮಾವನ ಕೆಲಸವೇ ಎಂದು ಕೇಳಿದಳು. ಮಾಡಿಸಿದವಳು ನಾನೇ ಎಂದೆ. ನಿಜವಾದ ಕೊನೆ ಯಾವುದೆಂದು ಕೇಳಿದಳು. ಹೇಳಿದೆ: ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಯಾತ್ರಿಕ ದಿನವೂ ಭೂಮಿಯ ಜೊತೆ ಮಾತಾಡುತ್ತಾನೆ, ಮಾತಾಡುತ್ತಲೇ ಕಥೆ ಮುಗಿಯುತ್ತದೆ.

ಅವಳು ಅಳಲಿಲ್ಲ. ಎದೆಯ ಮೇಲಿದ್ದ ಫಾರಂ ಮಡಚಿಟ್ಟಳು.

"ಇದು ತಾತನ ಲೆಕ್ಕ. ಇದೇ ಸರಿ," ಎಂದಳು.

ಬಚ್ಚಲಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಅವಳು ಚಮಚವನ್ನು ದಿಂಬಿನ ಪಕ್ಕಕ್ಕಿಟ್ಟು, ನನ್ನ ಕೈಯನ್ನು ತನ್ನ ಪ್ಲಾಸ್ಟರಿನ ಮೇಲೆ ಇರಿಸಿಕೊಂಡಳು.

"ಅಮ್ಮ, ಡಾಕ್ಟರು ಅವತ್ತು ಹೊರಗೆ ಕರೆದು ನಿಂಗೆ ಏನು ಹೇಳಿದ್ರು?"